ಒಣಗುವುದು ಬೇರೆ, ಮಾಯುವುದು ಬೇರೆ

(ಜಮಖಂಡಿಯಲ್ಲಿ ನೇಕಾರ ಹಾಗೂ ರೈತ ಕುಟುಂಬದವರ ಮುಂದೆ, ಬಾಗಲಕೋಟೆ ಜಿಲ್ಲೆಯಲ್ಲಿ ಬಹುಕಾಲ ಕೆಲಸ ಮಾಡಿದ ಶಸ್ತ್ರಚಿಕಿತ್ಸಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ.)

ಗಾಯವಾದವರನ್ನು ಕಂಡಾಗ ನಾವೆಲ್ಲ ಮೊದಲು ಕೇಳುವುದು "ಒಣಗಿತೇ?" ಎಂದು. ಈ ಪ್ರಶ್ನೆಯೊಳಗೇ ಒಂದು ಚಿಕಿತ್ಸೆ ಅಡಗಿದೆ: ಗಾಯವನ್ನು ಗಾಳಿಗೆ ಬಿಡಬೇಕು, ಪುಡಿ ಉದುರಿಸಿ ಹಸಿಯನ್ನು ಹೀರಿಸಬೇಕು, ಮೇಲೆ ಗಟ್ಟಿ ಹಕ್ಕಳೆ ಕಟ್ಟಿದರೆ ಗೆದ್ದಂತೆ. ಆದರೆ ನಮ್ಮ ಭಾಷೆಯಲ್ಲೇ ಇನ್ನೊಂದು ಕ್ರಿಯಾಪದವಿದೆ. ಗಾಯ 'ಮಾಯುತ್ತದೆ' ಎನ್ನುತ್ತೇವೆ. ಒಣಗುವುದು ಮೇಲಿನ ಮಾತು. ಮಾಯುವುದು ಒಳಗಿನಿಂದ ಮೇಲಕ್ಕೆ, ಅಂಚಿನಿಂದ ನಡುವಿನ ಕಡೆಗೆ ನಡೆಯುವ ಕೆಲಸ. ಹೊಲದ ಮಣ್ಣು ಮೇಲೆ ಒಣಗಿ ಬಿರಿದಿದ್ದರೂ ಗೇಣುದ್ದ ಅಗೆದರೆ ಹಸಿ ಸಿಗುವುದಿಲ್ಲವೇ? ಹಕ್ಕಳೆಯ ಕೆಳಗೆ ಕೀವು ನಿಂತ ಗಾಯಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ಸಂಶೋಧಕರು ಹಂದಿಗಳ ಮೈಮೇಲೆ ಒಂದೇ ಅಳತೆಯ ತೆಳುವಾದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವನ್ನು ತೆಳು ಪ್ಲಾಸ್ಟಿಕ್ ಪೊರೆಯಿಂದ ಮುಚ್ಚಿ ತೇವವಾಗಿ ಇಟ್ಟರು. ಮುಚ್ಚಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡಿತ್ತು. ಕಾರಣ ಸರಳವಾಗಿದೆ. ಹೊಸ ಚರ್ಮದ ಜೀವಕೋಶಗಳು ಅಂಚಿನಿಂದ ತೆವಳಿಕೊಂಡು ಬರಬೇಕು. ತೇವವಿದ್ದರೆ ನೇರವಾಗಿ ಸಾಗುತ್ತವೆ, ಹಕ್ಕಳೆ ಇದ್ದರೆ ಅದರ ಅಡಿಯನ್ನು ಕೊರೆದುಕೊಂಡು ಹಾದಿ ಮಾಡಿಕೊಳ್ಳಬೇಕು. ತೇವ ಎಂದೊಡನೆ ಗಾಯವನ್ನು ನೀರಿನಲ್ಲಿ ನೆನೆಹಾಕಬೇಕೆಂದು ತಿಳಿಯಬೇಡಿ. ಕಣ್ಣಿನ ಒಳರೆಪ್ಪೆಯಷ್ಟು ಹಸಿ ಇದ್ದರೆ ಸಾಕು. ಸುತ್ತಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿದ್ದರೆ ಹಸಿ ಹೆಚ್ಚಾಗಿದೆ ಎಂದರ್ಥ. ತೇವ ಒಳ್ಳೆಯದೆಂಬ ಮಾತು ರಕ್ತಸಂಚಾರ ಸರಿಯಾಗಿರುವ ಗಾಯಕ್ಕೆ ಮಾತ್ರ. ರಕ್ತ ಹರಿಯದೆ ಒಣಗಿ ಕಪ್ಪಾದ ಬೆರಳನ್ನು ಮನೆಯಲ್ಲಿ ಹಸಿ ಮಾಡಬಾರದು, ಅದು ಆಸ್ಪತ್ರೆಯ ಕೆಲಸ.

ಇನ್ನು 'ಮಾಯಲೊಲ್ಲದ ಗಾಯ'ದ ವಿಷಯ. ಬನಹಟ್ಟಿಯ ಕಡೆಯ ಒಬ್ಬ ಹಿರಿಯರು ನನ್ನ ಬಳಿಗೆ ಬಂದಿದ್ದರು. ವಿದ್ಯುತ್ ಮಗ್ಗದವರು, ಎರಡು ಮಗ್ಗಗಳ ನಡುವೆ ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತು ದುಡಿದವರು. ಎಡಗಾಲಿನ ಒಳಗೀಲಿನ ಸ್ವಲ್ಪ ಮೇಲೆ ಹದಿನಾಲ್ಕು ತಿಂಗಳ ಹುಣ್ಣು. "ಹಚ್ಚೂದೆಲ್ಲಾ ಹಚ್ಚೀನ್ರಿ ಸಾಹೇಬ್ರ, ಒಂದೂ ಹತ್ತವಲ್ದು" ಎಂದರು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆಯತೊಡಗಿದೆವು. ಮೊದಲು ಕಳಚಿದ್ದು ಹಳದಿ ಪದರ, ಅದು ಅರಿಶಿನ. ಅದರ ಕೆಳಗೆ ಹಸಿರು ಕಪ್ಪಾದ ಪದರ, ಬೇವಿನ ಎಲೆ ಅರೆದು ಕಟ್ಟಿದ್ದು. ಅದರ ಕೆಳಗೆ ಬಿಳಿ ಗಂಟುಗಳು, ಯಾವುದೋ ಮಾತ್ರೆಯ ಕ್ಯಾಪ್ಸೂಲು ಬಿಚ್ಚಿ ಉದುರಿಸಿದ ಪುಡಿ. ಅಂಚಿನಲ್ಲಿ ಅಲ್ಲಲ್ಲಿ ನೀಲಿ ಕಂಡಿತು. ಕೇಳಿದರೆ, ದ್ರಾಕ್ಷಿ ತೋಟವಿರುವ ಬೀಗರೊಬ್ಬರು ಔಷಧಿ ಹೊಡೆಯಲು ತಂದ ಮೈಲುತುತ್ತದಲ್ಲಿ ಒಂದು ಚಿಟಿಕೆ ಕೊಟ್ಟಿದ್ದರಂತೆ. ಅರ್ಧ ತಾಸು ತೊಳೆದ ಮೇಲೆ ಕಂಡ ಗಾಯ ನಿಜವಾಗಿ ಅಷ್ಟು ಕೆಟ್ಟದಾಗಿರಲಿಲ್ಲ. ಕೆಟ್ಟದಾಗಿದ್ದದ್ದು ಅದರ ಸುತ್ತಲಿನ ಕಾಲು: ಕಂದುಗಟ್ಟಿದ ಗಟ್ಟಿ ಚರ್ಮ, ಸಂಜೆಯಾದರೆ ಬಾವು, ಮೀನಖಂಡದ ಮೇಲೆ ಹಗ್ಗದಂತೆ ಉಬ್ಬಿದ ನರಗಳು.

ನಾವು ನರ ಎನ್ನುವುದು ಇಲ್ಲಿ ಮಲಿನ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ರಕ್ತನಾಳವನ್ನು. ಅದರೊಳಗೆ ರಕ್ತ ಕೆಳಗಿಳಿಯದಂತೆ ತಡೆಯುವ ಸಣ್ಣ ಕವಾಟಗಳಿರುತ್ತವೆ. ಅವು ಸಡಿಲವಾದರೆ ನಿಂತವರ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಒತ್ತಡ ಹೆಚ್ಚುತ್ತದೆ, ಚರ್ಮಕ್ಕೆ ಸರಿಯಾದ ಪೋಷಣೆ ಸಿಗುವುದಿಲ್ಲ. ಅಂಥ ಕಾಲಿನ ಮೇಲೆ ಬಂಗಾರದ ಭಸ್ಮ ಹಚ್ಚಿದರೂ ಗಾಯ ಮಾಯದು. ಪಾದದ ನಾಡಿ ಚೆನ್ನಾಗಿ ಬಡಿಯುತ್ತಿರುವುದನ್ನು ಖಚಿತಪಡಿಸಿಕೊಂಡು, ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ರಕ್ತ ಕೆಳಗೆ ನಿಲ್ಲದಂತೆ ಕಾಲನ್ನು ಒತ್ತಿ ಹಿಡಿಯುವ ಎಳೆತದ (ಎಲಾಸ್ಟಿಕ್) ಪಟ್ಟಿ ಸುತ್ತಿದೆವು. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರುವಂತೆ ತಡಿಯನ್ನು ಮಡಚಿ ಇಟ್ಟುಕೊಳ್ಳಲು ಹೇಳಿದೆವು. ಗಾಯಕ್ಕೆ ಹಚ್ಚಿದ್ದು ಬರೀ ಪೆಟ್ರೋಲಿಯಂ ಜೆಲ್ಲಿ ಸವರಿದ ಗಾಜ್ ಬಟ್ಟೆ.

ಅವರಿಗೆ ನಂಬಿಕೆ ಬರಲಿಲ್ಲ. ಔಷಧಿ ಎಲ್ಲಿ ಎಂದು ಕೇಳಿದರು. ಆಗ ಅವರಿಗೊಂದು ಕೆಲಸ ಕೊಟ್ಟೆ: ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚೆನ್ನಾಗಿ ತೊಳೆದು ಗಾಯದ ಮೇಲೆ ಹಿಡಿದು, ಅಂಚನ್ನು ಪೆನ್ನಿನಿಂದ ಬರೆದುಕೊಂಡು ಪ್ರತಿ ವಾರ ಹೋಲಿಸಿ ನೋಡಿ ಎಂದೆ. ನೇಕಾರರಿಗೆ ಇದನ್ನು ಹೆಚ್ಚು ಹೇಳಿಕೊಡಬೇಕಾಗಿಲ್ಲ. ಸೀರೆಯ ಸೆರಗಿನ ನಕ್ಷೆ ಬರೆಯುವ ಚೌಕಳಿ ಕಾಗದದ ಮೇಲೆ ಆ ಹಾಳೆಯನ್ನಿಟ್ಟು ಅವರು ಚೌಕಗಳನ್ನೇ ಎಣಿಸಿಕೊಂಡು ಬಂದರು. ಮೊದಲ ವಾರ 61 ಚೌಕ, ನಾಲ್ಕನೆಯ ವಾರ 30, ಹನ್ನೆರಡನೆಯ ವಾರ 5. ಹದಿನಾರನೆಯ ವಾರ ಎಣಿಸಲು ಏನೂ ಉಳಿದಿರಲಿಲ್ಲ. ಈ ಎಣಿಕೆಯನ್ನು ನೀವೂ ಮಾಡಬಹುದು. ಸರಿಯಾದ ಆರೈಕೆ ನಡೆದೂ ನಾಲ್ಕು ವಾರದಲ್ಲಿ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯದಿದ್ದರೆ ಲೇಪ ಬದಲಿಸುವುದಲ್ಲ, ಕಾರಣವನ್ನು ಮತ್ತೆ ಹುಡುಕಬೇಕು.

ನಾನು ಇಂದು ಹೇಳಬೇಕೆಂದು ಬಂದದ್ದು ಇಷ್ಟೇ: ಗಾಯ ಹಠ ಮಾಡುವುದಿಲ್ಲ, ಅದನ್ನು ಏನೋ ತಡೆದಿರುತ್ತದೆ. ಆ ತಡೆ ಒಮ್ಮೊಮ್ಮೆ ಗಾಯದೊಳಗೇ ಇರುತ್ತದೆ. ಕಬ್ಬಿನ ಹೊಲದ ಬದುವಿನಲ್ಲಿ ನಡೆಯುವಾಗ ಪಾದಕ್ಕೆ ಜಾಲಿ ಮುಳ್ಳು ಚುಚ್ಚಿ, ಕಿತ್ತೊಗೆದೆ ಎಂದುಕೊಂಡಿರುತ್ತಾರೆ. ತುದಿ ಒಳಗೆ ಮುರಿದು ಉಳಿದಿರುತ್ತದೆ. ಗಾಯ ಮುಚ್ಚುತ್ತದೆ, ತಿಂಗಳಿಗೊಮ್ಮೆ ಮತ್ತೆ ಬಾಯಿ ಬಿಟ್ಟು ನಾಲ್ಕು ಹನಿ ರಸಿಗೆ ಸುರಿಸಿ ಮತ್ತೆ ಮುಚ್ಚುತ್ತದೆ. ಹೀಗೆ ಬಾಯಿ ತೆರೆದು ಮುಚ್ಚುವ ಗಾಯವನ್ನು ಕಂಡರೆ ಒಳಗೆ ಏನೋ ಇದೆ ಎಂದೇ ತಿಳಿಯಿರಿ.

ಎಲ್ಲಕ್ಕಿಂತ ದೊಡ್ಡ ತಡೆ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿ ನಿಂತವರಿಗೆ ಮೂರು ಕಡೆಯಿಂದ ಪೆಟ್ಟು: ಕಾಲಿನ ಸ್ಪರ್ಶ ಹೋಗಿ ಗಾಯವಾದದ್ದೇ ತಿಳಿಯುವುದಿಲ್ಲ, ರಕ್ತನಾಳಗಳು ಕಿರಿದಾಗುತ್ತವೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ನೋವಿಲ್ಲದ ಗಾಯ ಸಣ್ಣದೆಂದು ನಾವು ತಿಳಿಯುತ್ತೇವೆ. ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲಿ ನೋವಿಲ್ಲದಿರುವುದೇ ಭಯಪಡಬೇಕಾದ ಲಕ್ಷಣ. ಅಂಥ ಗಾಯ ಕಾಳಿನಷ್ಟಿದ್ದರೂ ಮನೆಮದ್ದಿನ ಲೆಕ್ಕಕ್ಕೆ ಬರುವುದಿಲ್ಲ. ಆ ಪಾದದ ಮೇಲೆ ಭಾರ ಹಾಕಿ ನಡೆಯುತ್ತಿರುವವರೆಗೆ ಒಳ್ಳೆಯ ಔಷಧಿಯೂ ಸೋಲುತ್ತದೆ. ದಿನವೂ ತುಳಿದ ಸಸಿ ಚಿಗುರುವುದುಂಟೇ?

ಮೂರನೆಯದು ತಂಬಾಕು. ನಿಪ್ಪಾಣಿಯ ತಂಬಾಕನ್ನು ಬೆಳೆದವರೂ ಮಾರಿದವರೂ ನಮ್ಮ ಭಾಗದಲ್ಲಿ ಬಹಳ. ಸೇದುವವರು ಇನ್ನೂ ಬಹಳ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಬೀಡಿ ಬಿಡದೆ ಕಾಲ್ಬೆರಳಿನ ಗಾಯ ಮಾಯಲಿ ಎನ್ನುವುದು ಕಾಲುವೆಯ ಬಾಗಿಲು ಮುಚ್ಚಿ ಬೆಳೆಗೆ ಗೊಬ್ಬರ ಹಾಕಿದಂತೆ. ಇವರಿಗೆ ಬಿಗಿಯಾದ ಪಟ್ಟಿ ಸುತ್ತಿದರೆ ಇದ್ದ ರಕ್ತಸಂಚಾರವೂ ನಿಲ್ಲುತ್ತದೆ. ಮಗ್ಗದ ಹಿರಿಯರಿಗೆ ಒಳ್ಳೆಯದಾದ ಪಟ್ಟಿ ಇನ್ನೊಬ್ಬರ ಕಾಲಿಗೆ ಎರವಾಗಬಹುದು. ಅದಕ್ಕೇ ಮೊದಲು ನಾಡಿ ನೋಡಿದ್ದು.

ಈಗ ಮನೆಮದ್ದಿಗೆ ಬರೋಣ. ಅರಿಶಿನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಬೆಳೆಯುವವರ ನಡುವೆ ನಿಂತಿದ್ದೇನೆ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಯಿಸುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು, ಆರ್. ಎ. ಮಾಶೇಲ್ಕರ್ ಅವರು ಅದರ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಹಳೆಯ ಗ್ರಂಥಗಳ ಆಧಾರವಿಟ್ಟು ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ನಮಗೆಲ್ಲ ಹೆಮ್ಮೆ ತಂದ ಪ್ರಸಂಗ ಅದು. ಆದರೆ ಅಲ್ಲಿ ತೀರ್ಮಾನವಾದದ್ದು ಈ ತಿಳಿವಳಿಕೆ ಹಳೆಯದು, ಹೊಸ ಶೋಧವಲ್ಲ ಎಂಬುದು ಮಾತ್ರ. ಅಡುಗೆಮನೆಯ ಡಬ್ಬಿಯ ಪುಡಿ ಎಲ್ಲ ಗಾಯಕ್ಕೂ ಔಷಧಿ ಎಂಬುದಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡ ನಿಜ. ಆದರೆ ಪುಡಿಯಲ್ಲಿ ಅದು ಇರುವುದು ಶೇಕಡಾ 3ರ ಆಸುಪಾಸು, ನೀರಿನಲ್ಲಿ ಕರಗುವುದೂ ಅಷ್ಟಕ್ಕಷ್ಟೆ. ಅರಿಶಿನದ ಬೇರನ್ನು ಕುದಿಸಿ, ಕಣದಲ್ಲಿ ಹರವಿ ಒಣಗಿಸಿ, ಪಾಲಿಶ್ ಮಾಡಿ ಸಾಂಗ್ಲಿಯ ಪೇಟೆಗೆ ಕಳಿಸುವವರು ನೀವು. ಆ ಕಣದ ಧೂಳು, ಕೋಳಿ, ನಾಯಿ ಎಲ್ಲವೂ ನಿಮಗೆ ಗೊತ್ತು. ಬಣ್ಣ ಹೆಚ್ಚಲೆಂದು ಸೀಸದ ಕ್ರೋಮೇಟ್ ಬೆರೆಸುವವರೂ ವ್ಯಾಪಾರದಲ್ಲಿದ್ದಾರೆ. ತರಕಾರಿ ಹೆಚ್ಚುವಾಗ ಬೆರಳು ಗೀರಿದರೆ ಒಂದು ಚಿಟಿಕೆ ಒತ್ತಿ ಹಿಡಿಯಿರಿ, ನಾನು ಬೇಡ ಎನ್ನುವುದಿಲ್ಲ. ಅಲ್ಲಿ ರಕ್ತ ನಿಲ್ಲುವುದು ಹೆಚ್ಚಾಗಿ ನಿಮ್ಮ ಒತ್ತುವಿಕೆಯಿಂದಲೇ. ಆಳವಾದ ಗಾಯಕ್ಕೆ ಸುರಿದರೆ ಅದು ಗಟ್ಟಿ ಪದರವಾಗಿ ಕೂತು, ಒಳಗೆ ಏನಾಗುತ್ತಿದೆ ಎಂಬುದನ್ನು ಮರೆಮಾಡುತ್ತದೆ.

ಜೇನುತುಪ್ಪದ ಬಗ್ಗೆ ನನಗೆ ಹೆಚ್ಚು ಗೌರವವಿದೆ. ಸುಶ್ರುತನ ಕಾಲದಿಂದ ಜೇನು ಮತ್ತು ತುಪ್ಪ ಗಾಯದ ಔಷಧಿಗಳು. ಜೇನು ದಪ್ಪ ಸಕ್ಕರೆಯ ಪಾಕವಾದ್ದರಿಂದ ಗಾಯದ ನೀರನ್ನು ತನ್ನತ್ತ ಎಳೆಯುತ್ತದೆ, ಹುಳಿ ಗುಣದಿಂದ ಸೂಕ್ಷ್ಮಜೀವಿಗಳಿಗೆ ಒಗ್ಗುವುದಿಲ್ಲ, ಗಾಯದ ರಸದೊಡನೆ ಬೆರೆತಾಗ ಅತಿ ಸಣ್ಣ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು ತಾನೇ ತಯಾರಿಸುತ್ತದೆ. ಈ ವಿಷಯದಲ್ಲಿ ಜಗತ್ತು ಉಲ್ಲೇಖಿಸುವ ಒಂದು ಅಧ್ಯಯನ ನಮ್ಮ ನೆರೆಯ ಸೊಲ್ಲಾಪುರದ್ದು. ಅಲ್ಲಿನ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ಸುಟ್ಟಗಾಯದ ರೋಗಿಗಳಲ್ಲಿ ಅರ್ಧ ಮಂದಿಗೆ ಜೇನನ್ನೂ ಇನ್ನರ್ಧ ಮಂದಿಗೆ ಆಗ ಎಲ್ಲೆಡೆ ಬಳಕೆಯಲ್ಲಿದ್ದ ಬೆಳ್ಳಿಯ ಮಲಾಮನ್ನೂ ಹಚ್ಚಿ, 1991ರಲ್ಲಿ ಫಲಿತಾಂಶ ಪ್ರಕಟಿಸಿದರು; ಜೇನಿನ ಗುಂಪು ಬಹಳ ಮುಂದಿತ್ತು. ಅಂತರ ಅಷ್ಟು ದೊಡ್ಡದಾಗಿದ್ದಾಗ ನನ್ನಂಥವನಿಗೆ ಸ್ವಲ್ಪ ಅನುಮಾನವೂ ಬರುತ್ತದೆ. ಮುಂದೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೇಲ್ಪದರದ ಸುಟ್ಟಗಾಯಗಳು ಜೇನಿನಿಂದ ನಾಲ್ಕೈದು ದಿನ ಮೊದಲೇ ಮಾಯುತ್ತವೆ ಎಂಬಲ್ಲಿಗೆ ಮಾತು ನಿಂತಿತು. ಆದರೆ ನ್ಯೂಜಿಲೆಂಡಿನಲ್ಲಿ 368 ಮಂದಿಯ ಉಬ್ಬಿದ ನರದ ಹುಣ್ಣುಗಳ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೇನಿನ ಪಟ್ಟಿಗೂ ಸಾಮಾನ್ಯ ಪಟ್ಟಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿಗೆ ಎಳೆತದ ಪಟ್ಟಿ ಇತ್ತು, ಕೆಲಸ ಮಾಡಿದ್ದು ಅದೇ. ಆಸ್ಪತ್ರೆಯಲ್ಲಿ ಬಳಸುವುದು ವಿಕಿರಣದಿಂದ ಶುದ್ಧಗೊಳಿಸಿದ ಜೇನು ಎಂಬುದನ್ನೂ ನೆನಪಿಡಿ. ರಸ್ತೆ ಬದಿಯಲ್ಲಿ ಕಣ್ಣೆದುರೇ ಹಿಂಡಿ ಕೊಡುವ ಜೇನಿನಲ್ಲಿ ಬೆಲ್ಲದ ಪಾಕ ಎಷ್ಟು ಎಂದು ಹೇಳುವವರಾರು?

ಲೋಳೆಸರದ ತಿಳಿ ಲೋಳೆ ಮೇಲ್ಮೈ ಸುಟ್ಟಗಾಯಕ್ಕೆ ತಂಪು ಕೊಡುತ್ತದೆ. ಕತ್ತರಿಸಿದೊಡನೆ ಸೋರುವ ಹಳದಿ ರಸ ತುರಿಕೆ ಎಬ್ಬಿಸುತ್ತದೆಯಾದ್ದರಿಂದ ಎಲೆಯನ್ನು ನಿಲ್ಲಿಸಿ ಅದನ್ನು ಹರಿಯಬಿಡಬೇಕು. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಬಾಳೆ ಎಲೆ. ಮುಂಬಯಿಯ ಆಸ್ಪತ್ರೆಗಳಲ್ಲಿ ಶುದ್ಧೀಕರಿಸಿದ ಬಾಳೆ ಎಲೆಯನ್ನು ಸುಟ್ಟಗಾಯದ ಪಟ್ಟಿಯಾಗಿ ಬಳಸಿದ್ದಾರೆ. ಊಟದ ಎಲೆಯ ಮೇಲೆ ಅನ್ನ ಅಂಟುವುದಿಲ್ಲವಲ್ಲ, ಹಾಗೆಯೇ ಹೊಸ ಚರ್ಮವೂ ಅಂಟುವುದಿಲ್ಲ. ಪಟ್ಟಿ ಬಿಚ್ಚುವಾಗ ಮಕ್ಕಳು ಕಿರುಚುವುದು ತಪ್ಪುತ್ತದೆ. ಒಣ ಹತ್ತಿಯನ್ನು ಗಾಯಕ್ಕೆ ಒತ್ತುವವರು, ದಿನವೂ ಕಿತ್ತು ತೆಗೆಯುವಾಗ ಹೊಸ ಚರ್ಮವನ್ನೂ ಕಿತ್ತು ತೆಗೆಯುತ್ತಾರೆ.

ತೊಳೆಯುವುದೇ ಮೊದಲ ಔಷಧಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು; ಅದಿಲ್ಲದಿದ್ದರೆ ಕುಡಿಯಲು ಯೋಗ್ಯವಾದ ಶುದ್ಧ ನೀರೇ ಸಾಕು. ಉರಿದರೆ ಮಾತ್ರ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸ್ಪಿರಿಟ್, ಪೆರಾಕ್ಸೈಡ್, ಡೆಟಾಲ್ ಇವನ್ನು ದಿನವೂ ಹುಯ್ದರೆ ಸೂಕ್ಷ್ಮಜೀವಿಯ ಜೊತೆ ಹೊಸ ಜೀವಕೋಶವೂ ಸಾಯುತ್ತದೆ. ಸೆಗಣಿ ಮತ್ತು ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಕೇರುಬೀಜದ ಎಣ್ಣೆ ಅಗಸರ ಬಟ್ಟೆಗೆ ಗುರುತು ಹಾಕಿದಂತೆ ಚರ್ಮಕ್ಕೂ ಅಳಿಸದ ಗುರುತು ಹಾಕುತ್ತದೆ. ರೊಟ್ಟಿ ಬಡಿಯುವಾಗ ಹಂಚು ತಾಕಿದರೆ ಟೂತ್‌ಪೇಸ್ಟ್ ಬೇಡ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ತುಂಬುವುದಂತೂ ಕೂಡದು. ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಹುಚ್ಚುನಾಯಿ ರೋಗದ ಲಸಿಕೆಗೆ ಹೋಗಬೇಕು.

ಪಥ್ಯದ ಮೇಲೆ ನನಗೆ ಹಳೆಯ ಸಿಟ್ಟಿದೆ. ಗಾಯವಾಯಿತೆಂದರೆ ಮನೆಯ ಹಿರಿಯರು ಮೊದಲು ನಿಲ್ಲಿಸುವುದು ಬೇಳೆ, ಮೊಟ್ಟೆ, ಶೇಂಗಾ. ಎಲ್ಲವೂ ನಂಜಂತೆ, ಕೀವು ಕಟ್ಟುತ್ತವಂತೆ. ತಿಳಿಸಾರು ಅನ್ನದ ಮೇಲೆ ತಿಂಗಳುಗಟ್ಟಲೆ ಬಿದ್ದುಕೊಂಡ ಬಾಣಂತಿಯರ ಹೊಲಿಗೆ ಬಿಚ್ಚಿಕೊಂಡದ್ದನ್ನು ಕಂಡಿದ್ದೇನೆ. ಹೊಸ ಚರ್ಮವನ್ನು ನೇಯಲು ನೂಲು ಬೇಡವೇ? ಆ ನೂಲು ಪ್ರೋಟೀನು. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ. ಇದಕ್ಕಿಂತ ಹೆಚ್ಚಿನ ಪುಷ್ಟಿಯ ಡಬ್ಬಿ ಯಾವುದೂ ಬೇಕಿಲ್ಲ. ಆ ನೂಲನ್ನು ಹುರಿಗೊಳಿಸಲು ಸಿ ಜೀವಸತ್ವ ಬೇಕು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹಣ್ಣು. ಅದನ್ನು ಕಲೆಯ ಮೇಲೆ ಉಜ್ಜದೆ, ಆರಿದ ಪಲ್ಯದ ಮೇಲೆ ಹಿಂಡಿಕೊಂಡು ತಿನ್ನಿ. ಕುದಿಯುವ ಪಾತ್ರೆಗೆ ಹಿಂಡಿದರೆ ಅದರ ಜೀವಸತ್ವ ಒಂದಷ್ಟು ನಷ್ಟವಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಬೇಕು.

ಇಲ್ಲಿ ಸುಶ್ರುತನನ್ನು ಮತ್ತೊಮ್ಮೆ ನೆನೆಯಬೇಕೆನಿಸುತ್ತದೆ. ಅವನು ಗಾಯಕ್ಕೆ 60 ಉಪಕ್ರಮಗಳನ್ನು, ಅಂದರೆ ಚಿಕಿತ್ಸೆಯ ಕ್ರಮಗಳನ್ನು, ಹೇಳುತ್ತಾನೆ. ಲೇಪ ಅವುಗಳಲ್ಲಿ ಒಂದು. ಒಳಹೊಕ್ಕದ್ದನ್ನು ಹೊರತೆಗೆಯುವುದು, ಕೊಳೆತದ್ದನ್ನು ಕೆರೆಯುವುದು, ಪಟ್ಟಿ ಕಟ್ಟುವುದು, ಆಹಾರ ಇವೂ ಅದರಲ್ಲಿವೆ. ಪರಂಪರೆಯ ಹೆಸರು ಹೇಳುವ ನಾವು ಅರವತ್ತರಲ್ಲಿ ಲೇಪವೊಂದನ್ನೇ ಇಟ್ಟುಕೊಂಡೆವು. ಮಾದ ಮೇಲೆ ಚರ್ಮದ ಬಣ್ಣವನ್ನು ಸರಿಪಡಿಸುವ ಉಪಕ್ರಮಗಳೂ ಆ ಪಟ್ಟಿಯಲ್ಲಿವೆ. ಕಲೆಯ ಚಿಂತೆ ಇಂದು ನಿನ್ನೆಯದಲ್ಲ.

ಕಲೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಕಾಲ. ಗಾಯ ಮುಚ್ಚಿದ ಮೇಲೂ ಒಳಗೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ದುರಸ್ತಿ ನಡೆದಿರುತ್ತದೆ. ಎಷ್ಟೇ ಚೆನ್ನಾಗಿ ಮಾದರೂ ಆ ಜಾಗ ಮೂಲ ಚರ್ಮದ ಶೇಕಡಾ 80ರಷ್ಟು ಬಲವನ್ನಷ್ಟೇ ಪಡೆಯುತ್ತದೆ. ಮೂರನೆಯ ತಿಂಗಳ ಕೆಂಪು ಉಬ್ಬನ್ನು ಕಂಡು ಹೆದರಿ ಹತ್ತು ಮಲಾಮು ಹಚ್ಚಿ, ವರ್ಷದ ನಂತರ ಅದು ತಾನೇ ತಗ್ಗಿದಾಗ ಹತ್ತನೆಯ ಮಲಾಮಿಗೆ ಕೀರ್ತಿ ಕೊಡುತ್ತೇವೆ. ನಿಜವಾಗಿ ನೆರವಾಗುವುದು ಕೆಲವೇ. ಗಾಯ ಪೂರ್ತಿ ಮುಚ್ಚಿ ಎರಡು ಮೂರು ವಾರ ಕಳೆದ ಮೇಲೆ, ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಐದು ಹತ್ತು ನಿಮಿಷ ಬೆರಳಿನಿಂದ ಒತ್ತಿ ತೀಡಬೇಕು. ಕೊಬ್ಬರಿ ಎಣ್ಣೆಯಾಗಲಿ ಕುಸುಬಿ ಎಣ್ಣೆಯಾಗಲಿ ನಡೆಯುತ್ತದೆ, ಏಕೆಂದರೆ ಕೆಲಸ ಎಣ್ಣೆಯದಲ್ಲ, ಬೆರಳಿನದು. ಎಳೆಯ ಕಲೆಗೆ ಬಿಸಿಲು ಬಿದ್ದರೆ ಕಪ್ಪು ಉಳಿಯುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ತೋಳಿನ ಬಟ್ಟೆ, ತಲೆಯ ಮೇಲಿನ ಸೆರಗು, ರುಮಾಲು ಇವು ಮಲಾಮಿಗಿಂತ ಮೇಲು. ಉಬ್ಬುವ ಕಲೆಗೆ ಔಷಧದಂಗಡಿಯಲ್ಲಿ ಸಿಗುವ ಸಿಲಿಕೋನ್ ಹಾಳೆಯನ್ನು ದಿನಕ್ಕೆ ಕನಿಷ್ಠ 12 ತಾಸು, ಎರಡು ಮೂರು ತಿಂಗಳು ಅಂಟಿಸಿಕೊಂಡರೆ ಪ್ರಯೋಜನವಿದೆ. ಇ ಜೀವಸತ್ವದ ಗುಳಿಗೆ ಒಡೆದು ಹಚ್ಚುವುದನ್ನು 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಪರೀಕ್ಷಿಸಿತು: ಲಾಭ ಕಾಣಲಿಲ್ಲ, ಮೂವರಲ್ಲಿ ಒಬ್ಬರಿಗೆ ಚರ್ಮ ಕೆರಳಿತು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಇದ್ದ ಕಲೆಯ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ.

ಗಾಯದ ಎಲ್ಲೆ ದಾಟಿ ಏಡಿಯ ಕಾಲಿನಂತೆ ಚಾಚಿಕೊಳ್ಳುವ ಕಲೆಯನ್ನು ಕೀಲಾಯ್ಡ್ ಎನ್ನುತ್ತಾರೆ. ಕಿವಿ ಚುಚ್ಚಿಸಿದ ಹುಡುಗಿಯ ಕಿವಿಯ ತುದಿಯಲ್ಲಿ, ಎದೆಯ ನಡುವೆ, ಭುಜದಲ್ಲಿ ಇದು ಹೆಚ್ಚು. ಇದನ್ನು ಬರೀ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳುವುದೇ ಹೆಚ್ಚು. ಕಲೆಯೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ಒತ್ತುವ ಕ್ಲಿಪ್ಪು ಇವೆಲ್ಲ ಜೊತೆಗೂಡಬೇಕು. ಮನೆಯಲ್ಲಿ ಒಮ್ಮೆ ಕೀಲಾಯ್ಡ್ ಕಂಡಿದ್ದರೆ ಮೂಗು, ಕಿವಿ ಚುಚ್ಚಿಸುವ ಮುನ್ನ ಯೋಚಿಸಿ.

ಚೀಟಿ ಬರೆದು ಕಳಿಸಿದ ಒಬ್ಬ ತಾಯಿಯ ಪ್ರಶ್ನೆ ಉಳಿದಿದೆ: ಇಪ್ಪತ್ತೈದು ವರ್ಷದ ಹಿಂದೆ ಸ್ಟೋವಿನಿಂದ ಸುಟ್ಟ ಕಲೆ ತೊಡೆಯ ಮೇಲಿದೆ, ಏನಾದರೂ ಹಚ್ಚಿದರೆ ಹೋದೀತೇ ಎಂದು ಕೇಳಿದ್ದಾರೆ. ಹೋಗುವುದಿಲ್ಲ, ತಾಯಿ. ಅಷ್ಟು ಹಳೆಯ ಕಲೆಯನ್ನು ಅಳಿಸುವ ಲೇಪ ನನಗೆ ಗೊತ್ತಿಲ್ಲ. ಎಣ್ಣೆ ಹಚ್ಚಿ ಮೃದುವಾಗಿಟ್ಟುಕೊಳ್ಳಿ, ತುರಿಸಿದಾಗ ಉಗುರು ಹಾಕಬೇಡಿ. ಆದರೆ ಚೀಟಿಯ ಹಿಂಬದಿಯಲ್ಲಿ ನೀವು ಇನ್ನೊಂದು ಸಾಲು ಬರೆದಿದ್ದೀರಿ: ಈಚೆಗೆ ಎರಡು ತಿಂಗಳಿಂದ ಅದರ ನಡುವೆ ಸಣ್ಣ ಹುಣ್ಣಾಗಿದೆ, ಅರಿಶಿನ ಹಚ್ಚುತ್ತಿದ್ದೇನೆ ಎಂದು. ಹಳೆಯ ಸುಟ್ಟ ಕಲೆಯ ಮೇಲೆ ವರ್ಷಾನುಗಟ್ಟಲೆಯ ನಂತರ ಏಳುವ ಹುಣ್ಣು ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಆಗಿರುತ್ತದೆ. ಅಂಚಿನಿಂದ ಸಣ್ಣ ತುಣುಕು ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ, ಬೇಗ ತಿಳಿದರೆ ಕತ್ತರಿಸಿ ತೆಗೆದು ಗುಣಪಡಿಸಬಹುದು. ನಿಮ್ಮ ಹೆಸರು ಹೇಳಬೇಕಾಗಿಲ್ಲ. ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ನಮ್ಮ ದಾದಿಯೊಬ್ಬರು ಇರುತ್ತಾರೆ, ಮನೆಗೆ ಹೋಗುವ ಮುನ್ನ ಅವರಿಗೆ ತೋರಿಸಿ ಹೋಗಿ.